ಹಾರ್ಮೋನಿಗೊಂದು ಬದಲಿ ಜೊತೆಗಾರ

ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವ ಕುಶಿಂಗ್ ಸಿಂಡ್ರೋಮ್ ಇರಬಹುದೆಂಬ ಅನುಮಾನ ಬಂದಾಗ ವೈದ್ಯರು ಬರೆದುಕೊಡುವ ಮೊದಲ ಪರೀಕ್ಷೆಗಳಲ್ಲಿ ಒಂದು ತೀರಾ ಸರಳ. ರಾತ್ರಿ 11ರಿಂದ 12ರೊಳಗೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಮಾತ್ರೆ ನುಂಗಬೇಕು, ಮರುದಿನ ಬೆಳಿಗ್ಗೆ ಎಂಟು ಒಂಬತ್ತು ಗಂಟೆಯ ಹೊತ್ತಿಗೆ ರಕ್ತ ಕೊಡಬೇಕು. ಆರೋಗ್ಯವಂತರಲ್ಲಿ ಆ ಮಾತ್ರೆ ಪಿಟ್ಯುಟರಿ ಗ್ರಂಥಿಯನ್ನು ಸುಮ್ಮನಾಗಿಸುತ್ತದೆ. ಅದರ ಆಜ್ಞೆಗೆ ಕಾಯುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ತಯಾರಿಯನ್ನು ತಗ್ಗಿಸುತ್ತದೆ. ಬೆಳಗಿನ ರಕ್ತದಲ್ಲಿ ಕಾರ್ಟಿಸಾಲ್ ಪ್ರತಿ ಡೆಸಿಲೀಟರಿಗೆ 1.8 ಮೈಕ್ರೊಗ್ರಾಂಗಿಂತ ಕೆಳಗಿಳಿದಿರುತ್ತದೆ. ಇಳಿಯದೆ ಉಳಿದರೆ ಮುಂದಿನ ತಪಾಸಣೆ ಶುರು.

ಈಗ ಆ ರಕ್ತ ಹೋಗಿ ತಲುಪುವ ಲ್ಯಾಬಿನ ಕಡೆ ನೋಡೋಣ. ಸ್ಟೀರಾಯ್ಡ್ ಹಾರ್ಮೋನ್ ಅಳೆಯುವವರು ಪ್ರತಿ ಸ್ಯಾಂಪಲ್ಲಿಗೂ ಮೊದಲು ತಮ್ಮ ಕಡೆಯಿಂದ ಒಂದು ವಸ್ತುವನ್ನು ಲೆಕ್ಕ ಹಾಕಿ ಬೆರೆಸುತ್ತಾರೆ. ಇದಕ್ಕೆ ಇಂಟರ್ನಲ್ ಸ್ಟ್ಯಾಂಡರ್ಡ್ ಎಂದು ಹೆಸರು. ಕೊನೆಗೆ ಯಂತ್ರದಿಂದ ಸಿಗುವುದು ಕಾರ್ಟಿಸಾಲ್ ಇಷ್ಟಿದೆ ಎಂಬ ನೇರ ಉತ್ತರವಲ್ಲ. ಬೆರೆಸಿದ ವಸ್ತುವಿಗೆ ಹೋಲಿಸಿದರೆ ಕಾರ್ಟಿಸಾಲ್ ಎಷ್ಟು ಪಾಲು ಎಂಬ ಅನುಪಾತ. ರಕ್ತದ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಹಳೆಯ ಎಚ್‌ಪಿಎಲ್‌ಸಿ ವಿಧಾನಗಳಲ್ಲಿ ಕಾರ್ಟಿಸಾಲ್ ಅಳೆಯಲು ಡೆಕ್ಸಾಮೆಥಾಸೋನನ್ನೇ ಹೀಗೆ ಬೆರೆಸುವ ರೂಢಿಯಿತ್ತು. ರಚನೆ ಹತ್ತಿರದ್ದು, ಬೆಲೆ ಅಗ್ಗ, ದೇಹದಲ್ಲಿ ತಾನಾಗಿ ಹುಟ್ಟುವುದಿಲ್ಲ. ಇನ್ನೇನು ಬೇಕು?

ಬೇಕಾದದ್ದು ಒಂದಿತ್ತು. ಮೇಲೆ ಹೇಳಿದ ಪರೀಕ್ಷೆಗೆ ಬಂದವರ ರಕ್ತದಲ್ಲಿ ಡೆಕ್ಸಾಮೆಥಾಸೋನ್ ಆಗಲೇ ಇರುತ್ತದೆ, ಹಿಂದಿನ ರಾತ್ರಿ ವೈದ್ಯರೇ ನುಂಗಿಸಿದ್ದು. ಲ್ಯಾಬಿನವರು ಹಾಕಿದ್ದರ ಜೊತೆಗೆ ರೋಗಿ ನುಂಗಿದ್ದೂ ಸೇರಿ ಯಂತ್ರ ತೋರಿಸುವ ಡೆಕ್ಸಾಮೆಥಾಸೋನಿನ ಪೀಕ್ ದೊಡ್ಡದಾಗುತ್ತದೆ, ಅನುಪಾತದಲ್ಲಿ ಕಾರ್ಟಿಸಾಲ್ ಕುಗ್ಗುತ್ತದೆ. ಕಾರ್ಟಿಸಾಲ್ ಇಳಿಯದೆ ಉಳಿದಿದೆಯೇ ಎಂದು ಪತ್ತೆಹಚ್ಚಲು ಮಾಡುವ ಪರೀಕ್ಷೆಯಲ್ಲಿ ಅದು ಇಳಿದಂತೆ ತೋರಿಸುವ ತಪ್ಪು ಇದು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುವ ತಪ್ಪಾದರೆ ಎರಡನೇ ಸಲ ಅಳೆದಾಗ ಸಿಕ್ಕಿಬೀಳುತ್ತದೆ. ಇದು ಹಾಗಲ್ಲ, ಎಷ್ಟು ಸಲ ಅಳೆದರೂ ಕಾಯಿಲೆ ಮುಚ್ಚಿಹೋಗುವ ಕಡೆಗೇ ಎಳೆಯುತ್ತದೆ. ಇತ್ತೀಚೆಗೆ ಹಲವು ಲ್ಯಾಬ್‌ಗಳು ಅದೇ ಸ್ಯಾಂಪಲ್ಲಿನಲ್ಲಿ ಡೆಕ್ಸಾಮೆಥಾಸೋನನ್ನೂ ಅಳೆದು, ರೋಗಿ ನಿಜವಾಗಿ ಮಾತ್ರೆ ತೆಗೆದುಕೊಂಡರೇ, ಅದು ಮೈಗೆ ಹತ್ತಿತೇ ಎಂದು ಖಚಿತಪಡಿಸಿಕೊಳ್ಳುತ್ತವೆ. ಒಂದು ಕಾಲದಲ್ಲಿ ಅಳತೆಗೋಲಾಗಿದ್ದದ್ದು ಈಗ ತಾನೇ ಅಳತೆಗೆ ಒಳಗಾಗಿದೆ.

ಸರಿಯಾದ ಸ್ಟ್ಯಾಂಡರ್ಡ್ ಸಿಗದಾಗ ಬದಲಿಯನ್ನು ಹುಡುಕುವುದು ಲ್ಯಾಬಿನ ಒಳಗಿನವರ ತಲೆನೋವು ಎಂದು ಬಿಟ್ಟುಬಿಡಬಹುದಿತ್ತು, ವರದಿಯಲ್ಲಿ ಅಚ್ಚಾಗುವ ಅಂಕಿ ಅದರ ಮೇಲೆ ನಿಲ್ಲದೇ ಇದ್ದಿದ್ದರೆ. ರಚನೆಯ ಚಿತ್ರ ನೋಡಿ, ಇದು ಅದರ ತಮ್ಮನಂತಿದೆ ಎಂದು ಆರಿಸಿದ ಬದಲಿ ಬಹಳ ಸಲ ಕೈಕೊಡುತ್ತದೆ. ಅಳೆಯಬೇಕಾದ ಹಾರ್ಮೋನಿನ ಜೊತೆ ಯಂತ್ರಕ್ಕೆ ಅದೇ ಗಳಿಗೆಯಲ್ಲಿ ಬರುವಂಥದ್ದು, ರೋಗಿಯ ರಕ್ತಕ್ಕೆ ಬೇರೆ ಯಾವ ದಾರಿಯಿಂದಲೂ ಬಂದಿರಲಾರದಂಥದ್ದು ಮಾತ್ರ ಉಳಿಯುತ್ತದೆ. ನನ್ನ ಮಟ್ಟಿಗೆ ಉಳಿದೆಲ್ಲ ಮಾನದಂಡಗಳೂ ಇವೆರಡರ ನಂತರ.

ಬೆರೆಸುವುದಾದರೂ ಏಕೆ

ಅಳೆಯುವ ಪ್ರಮಾಣ ಎಷ್ಟೆಂದು ಮೊದಲು ನೋಡಬೇಕು. ವಯಸ್ಕ ಗಂಡಸರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಪ್ರತಿ ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೊಗ್ರಾಂ, ಹೆಂಗಸರಲ್ಲಿ ಸುಮಾರು 15ರಿಂದ 70. ಮುಟ್ಟು ನಿಂತ ಮೇಲೆ ಎಸ್ಟ್ರಡಿಯಾಲ್ ಪ್ರತಿ ಮಿಲಿಲೀಟರಿಗೆ ಕೆಲವೇ ಪಿಕೊಗ್ರಾಂಗೆ ಇಳಿಯುತ್ತದೆ. ಒಂದು ಗ್ರಾಮನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೊಗ್ರಾಂ. ಇಷ್ಟು ಸಣ್ಣ ಪ್ರಮಾಣವನ್ನು ಮೊದಲು ಕೈಗೆಟುಕಿಸಿದ್ದು ನ್ಯೂಯಾರ್ಕಿನ ರೊಸಾಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ಕಟ್ಟಿದ ರೇಡಿಯೊ ಇಮ್ಯುನೊಅಸ್ಸೇ. ಯಾಲೊಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಇಂದು ಹೆಚ್ಚಿನ ಲ್ಯಾಬ್‌ಗಳು ಬಳಸುವ ಸಿಎಲ್‌ಐಎ (ಕೆಮಿಲ್ಯುಮಿನಿಸೆನ್ಸ್ ಇಮ್ಯುನೊಅಸ್ಸೇ) ಅದರ ವಂಶದ್ದೇ, ವಿಕಿರಣ ಹೋಗಿ ಬೆಳಕು ಬಂದಿದೆ ಅಷ್ಟೆ. ಆದರೆ ಇವೆರಡೂ ನೆಚ್ಚಿಕೊಂಡಿರುವ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಒಂದೇ ಅಚ್ಚಿನ ಸ್ಟೀರಾಯ್ಡ್‌ಗಳ ನಡುವೆ ಯಾವಾಗಲೂ ಭೇದ ಮಾಡುವುದಿಲ್ಲ. ಗಂಡಸರ ಮಟ್ಟದಲ್ಲಿ ಈ ಸಡಿಲ ನಡೆದುಹೋಗುತ್ತದೆ, ಹೆಂಗಸರ ಮತ್ತು ಮಕ್ಕಳ ಮಟ್ಟದಲ್ಲಿ ನಡೆಯುವುದಿಲ್ಲ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2007ರಲ್ಲಿ ಟೆಸ್ಟೋಸ್ಟೆರಾನ್ ಅಳತೆಯ ಕುರಿತು ನಿಲುವು ಪ್ರಕಟಿಸಿದಾಗ ಎತ್ತಿದ ದೊಡ್ಡ ದೂರು ಇದೇ.

ಮಾಸ್ ಸ್ಪೆಕ್ಟ್ರೋಮೀಟರ್ ಈ ಜಾಗಕ್ಕೆ ಬಂದದ್ದು ತೂಕ ನೋಡಿ ಗುರುತಿಸುವ ಅದರ ಗುಣದಿಂದ. ಟೆಸ್ಟೋಸ್ಟೆರಾನ್ ಒಂದು ಪ್ರೋಟಾನ್ ಹೊತ್ತುಕೊಂಡಾಗ ತೂಕ 289. ಯಂತ್ರ 289 ಇರುವ ಅಯಾನನ್ನಷ್ಟೇ ಒಳಗೆ ಬಿಡುತ್ತದೆ, ಅನಿಲದ ಕಣಗಳಿಗೆ ಬಡಿದು ಒಡೆಯುತ್ತದೆ, ಒಡೆದ ಚೂರುಗಳಲ್ಲಿ 97 ಅಥವಾ 109 ತೂಕದ್ದನ್ನು ಎಣಿಸುತ್ತದೆ. ಆದರೂ ತೂಕವೊಂದೇ ಸಾಲದು. ಡಿಎಚ್‌ಇಎ ಮತ್ತು ಎಪಿಟೆಸ್ಟೋಸ್ಟೆರಾನ್ ಎಂಬ ಬೇರೆ ಸ್ಟೀರಾಯ್ಡ್‌ಗಳ ತೂಕವೂ ಟೆಸ್ಟೋಸ್ಟೆರಾನಿನಷ್ಟೇ. ಆದ್ದರಿಂದ ಯಂತ್ರದ ಮುಂದೆ ಒಂದು ಕಾಲಮ್ ಇಟ್ಟು, ಒಂದೊಂದನ್ನು ಒಂದೊಂದು ಹೊತ್ತಿಗೆ ಹೊರಬರುವಂತೆ ಮಾಡುತ್ತಾರೆ.

ಈ ದಾರಿಯುದ್ದಕ್ಕೂ ನಷ್ಟವೇ. ಸೀರಮ್ಮಿನ ಪ್ರೋಟೀನನ್ನು ಗರಣೆ ಕಟ್ಟಿಸಿ ತೆಗೆಯುವಾಗ ಸ್ವಲ್ಪ ಹೋಗುತ್ತದೆ. ಎಂಟಿಬಿಇ ಎಂಬ ಈಥರಿಗೆ ಸ್ಟೀರಾಯ್ಡನ್ನು ಎಳೆದುಕೊಂಡು, ಈಥರನ್ನು ಆರಿಸಿ, ಉಳಿದದ್ದನ್ನು ಮತ್ತೆ ಕರಗಿಸುವಾಗ ಇನ್ನಷ್ಟು. ಇವನ್ನೆಲ್ಲ ಕೈ ಬಿಗಿ ಮಾಡಿಕೊಂಡು ನಿಭಾಯಿಸಬಹುದು. ಕೈಗೆ ಸಿಗದ ನಷ್ಟ ಆಗುವುದು ಕೊನೆಯಲ್ಲಿ, ದ್ರವವು ಸಣ್ಣ ಹನಿಗಳಾಗಿ ಸಿಡಿದು ಅಯಾನುಗಳಾಗುವ ಜಾಗದಲ್ಲಿ. ಜಾನ್ ಫೆನ್ ಅವರಿಗೆ 2002ರ ನೊಬೆಲ್ ತಂದ ಎಲೆಕ್ಟ್ರೋಸ್ಪ್ರೇ ಇದೇ. ಆ ಹನಿಯಲ್ಲಿ ರಕ್ತದ ಫಾಸ್ಫೋಲಿಪಿಡ್‌ನಂಥ ಬೇರೆ ಪದಾರ್ಥಗಳೂ ಇದ್ದರೆ ಅವು ವಿದ್ಯುದಾವೇಶಕ್ಕೆ ಪೈಪೋಟಿ ಮಾಡುತ್ತವೆ, ಹಾರ್ಮೋನಿನ ಪಾಲಿಗೆ ಕಡಿಮೆ ಉಳಿಯುತ್ತದೆ. ಇದನ್ನು ಮ್ಯಾಟ್ರಿಕ್ಸ್ ಎಫೆಕ್ಟ್ ಎನ್ನುತ್ತಾರೆ. ಒಬ್ಬರ ರಕ್ತದಲ್ಲಿ ಶೇ 10 ನಷ್ಟ, ಇನ್ನೊಬ್ಬರಲ್ಲಿ ಶೇ 40. ಯಾರದು ಎಷ್ಟು ಎಂದು ಮೊದಲೇ ಹೇಳಲು ಬರುವುದಿಲ್ಲ.

ಹಾಗಾಗಿ ಜೊತೆಗಾರ ಬೇಕು. ಹಾರ್ಮೋನ್ ಎಲ್ಲೆಲ್ಲಿ ಎಷ್ಟು ಕಳೆದುಕೊಂಡಿತೋ ಅಲ್ಲಲ್ಲಿ ಅಷ್ಟೇ ಕಳೆದುಕೊಳ್ಳುವವನು.

ಭಾರದ ಅವಳಿ, ಅದರ ತಕರಾರು

ಎಲ್ಲಕ್ಕಿಂತ ಒಳ್ಳೆಯ ಜೊತೆಗಾರ ಅದೇ ಹಾರ್ಮೋನಿನ ಭಾರದ ರೂಪ. ಹೆರಾಲ್ಡ್ ಯೂರಿ 1931ರಲ್ಲಿ ಕಂಡುಹಿಡಿದ ಡ್ಯುಟೀರಿಯಂ ಎಂದರೆ ಒಂದು ನ್ಯೂಟ್ರಾನ್ ಹೆಚ್ಚಿಗೆ ಹೊತ್ತ ಹೈಡ್ರೋಜನ್. ಟೆಸ್ಟೋಸ್ಟೆರಾನಿನ ಮೂರು ಹೈಡ್ರೋಜನ್ ತೆಗೆದು ಆ ಜಾಗದಲ್ಲಿ ಮೂರು ಡ್ಯುಟೀರಿಯಂ ಕೂರಿಸಿದರೆ 289ರ ಬದಲು 292 ಆಗುತ್ತದೆ. ರಸಾಯನದಲ್ಲಿ ಹೆಚ್ಚುಕಡಿಮೆ ಅದೇ ವಸ್ತು, ಯಂತ್ರದ ಕಣ್ಣಿಗೆ ಬೇರೆ. 1970ರ ದಶಕದಲ್ಲಿ ಸ್ವೀಡನ್ನಿನ ಬ್ಯೋರ್ಕ್ಹೆಮ್, ಜರ್ಮನಿಯ ಸೀಕ್‌ಮನ್ ಮೊದಲಾದವರು ಈ ಉಪಾಯದಿಂದಲೇ ಸ್ಟೀರಾಯ್ಡ್ ಅಳತೆಗೆ ಉಲ್ಲೇಖ ವಿಧಾನಗಳನ್ನು ಕಟ್ಟಿದರು.

ಮೂರೇ ಏಕೆ, ಒಂದು ಸಾಲದೇ ಎಂದು ಕೇಳಬಹುದು. ಪ್ರಕೃತಿಯಲ್ಲಿನ ಕಾರ್ಬನ್ನಿನಲ್ಲಿ ಶೇ 1.1ರಷ್ಟು ಕಾರ್ಬನ್-13 ಇರುತ್ತದೆ. ಟೆಸ್ಟೋಸ್ಟೆರಾನಿನಲ್ಲಿ 19 ಕಾರ್ಬನ್. ಅಂದರೆ ಏನೂ ಮಾಡದೆಯೇ ಸುಮಾರು ಆರರಲ್ಲೊಂದು ಅಣು ಒಂದು ಘಟಕ ಭಾರವಾಗಿರುತ್ತದೆ, ನೂರರಲ್ಲಿ ಸುಮಾರು ಎರಡು ಎರಡು ಘಟಕ ಭಾರ. ಒಂದೋ ಎರಡೋ ಡ್ಯುಟೀರಿಯಂ ಹಾಕಿದ ಸ್ಟ್ಯಾಂಡರ್ಡಿನ ಲೆಕ್ಕಕ್ಕೆ ರೋಗಿಯ ಹಾರ್ಮೋನೇ ನುಸುಳುತ್ತದೆ. ಗಂಡಸರ ಸ್ಯಾಂಪಲ್ಲಿನಲ್ಲಿ ಹೆಚ್ಚು, ಹೆಂಗಸರದ್ದರಲ್ಲಿ ಕಡಿಮೆ. ಮೂರು ಘಟಕ ಆಚೆ ಹೋದರೆ ಈ ಕಾಟ ಬಹುಪಾಲು ತಪ್ಪುತ್ತದೆ.

ಹಾಗಾದರೆ ಐದು, ಒಂಬತ್ತು ಹಾಕೋಣ ಎಂದರೆ ಇನ್ನೊಂದು ಪೇಚು. ಅವನ್ನು ಎಲ್ಲಿ ಕೂರಿಸಿದ್ದಾರೆ ಎಂಬುದನ್ನು ನೋಡಬೇಕು. ಮಾರುಕಟ್ಟೆಯಲ್ಲಿ ಸಿಗುವ ಐದು ಡ್ಯುಟೀರಿಯಂನ ಟೆಸ್ಟೋಸ್ಟೆರಾನಿನಲ್ಲಿ ಅವು 2, 4, 6ನೇ ಸ್ಥಾನಗಳಲ್ಲಿರುತ್ತವೆ, ಎಲ್ಲವೂ ಕೀಟೋನ್ ಗುಂಪಿನ ಪ್ರಭಾವಕ್ಕೆ ಸಿಕ್ಕಿದ ಜಾಗಗಳು. ಕ್ಷಾರದ ಸಹಾಯದಿಂದ ಅಲ್ಲಿ ಡ್ಯುಟೀರಿಯಂ ಕೂರಿಸುವುದು ಸುಲಭ, ಅದಕ್ಕೇ ಹಾಗೆ ಮಾಡುತ್ತಾರೆ. ಆದರೆ ಬಂದ ದಾರಿಯಲ್ಲೇ ಹೋಗಲೂ ಬರುತ್ತದೆ. ಪ್ರೊಜೆಸ್ಟೆರಾನಿನ ಒಂಬತ್ತು ಡ್ಯುಟೀರಿಯಂನ ರೂಪದಲ್ಲೂ ಹೀಗೆಯೇ. ಸ್ಯಾಂಪಲನ್ನು ಕ್ಷಾರೀಯ ದ್ರಾವಣದಲ್ಲಿ ಬಿಸಿ ಮಾಡುವ ವಿಧಾನವಾದರೆ ಭಾರದ ಅವಳಿ ಒಂದೊಂದೇ ಡ್ಯುಟೀರಿಯಂ ಕಳಚಿ ಹಗುರಾಗುತ್ತ ಹೋಗುತ್ತದೆ. ಕ್ಯಾಟಲಾಗಿನಲ್ಲಿ ಡಿ5, ಡಿ9 ಎಂದು ನೋಡಿ ದೊಡ್ಡ ಸಂಖ್ಯೆಯೇ ಲೇಸೆಂದು ಕೊಳ್ಳುವವರು ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿರುವ ಸ್ಥಾನಸಂಖ್ಯೆಗಳನ್ನು ಓದಬೇಕು.

ಚೂರುಗಳ ವಿಷಯವೂ ಇದೆ. 16 ಮತ್ತು 17ನೇ ಸ್ಥಾನಗಳಲ್ಲಿ ಮೂರು ಡ್ಯುಟೀರಿಯಂ ಇರುವ ಟೆಸ್ಟೋಸ್ಟೆರಾನ್ ಒಡೆದಾಗ ಆ ಭಾಗ ಬೇರೆಡೆ ಹೋಗಿ, 97ರ ಚೂರು ಸಾದಾ ಹಾರ್ಮೋನಿನದ್ದೇ ಆಗಿ ಬರುತ್ತದೆ. ಅಣುವಿನ ಮೊದಲ ಉಂಗುರವಾದ ಎ ಉಂಗುರದಲ್ಲಿ ಮೂರು ಕಾರ್ಬನ್-13 ಇರುವ ರೂಪದಲ್ಲಾದರೆ ಚೂರೂ ಭಾರವಾಗಿ 100ಕ್ಕೆ ಬರುತ್ತದೆ, ಗೊಂದಲವಿಲ್ಲ. ಕಾರ್ಬನ್-13 ಕಳಚಿಕೊಳ್ಳುವುದೂ ಇಲ್ಲ, ಕಾಲಮಿನಲ್ಲಿ ಮುಂದೆ ಓಡುವುದೂ ಇಲ್ಲ. ಆದರೆ ಅದನ್ನು ಕೂರಿಸಲು ಅಣುವಿನ ಉಂಗುರವನ್ನೇ ಒಡೆದು ಮತ್ತೆ ಕಟ್ಟಬೇಕಾದ್ದರಿಂದ ಬೆಲೆ ಏರುತ್ತದೆ.

ಕಾಲಮಿನಲ್ಲಿ ಮುಂದೆ ಓಡುವುದು ಎಂದೆನಲ್ಲ, ಅದು ಡ್ಯುಟೀರಿಯಂನ ಮೂರನೆಯ ತಕರಾರು. ಸಾಮಾನ್ಯ ಸಿ18 ಕಾಲಮಿನಲ್ಲಿ ಡ್ಯುಟೀರಿಯಂ ಹೊತ್ತ ಅಣು ಸಾದಾ ಅಣುವಿಗಿಂತ ಒಂದೆರಡು ಸೆಕೆಂಡು ಮೊದಲೇ ಹೊರಬರುತ್ತದೆ, ಡ್ಯುಟೀರಿಯಂ ಹೆಚ್ಚಿದಷ್ಟೂ ಬೇಗ. ಈ ಅಂತರ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು 2007ರಲ್ಲಿ ಕಾರ್ವೆಡಿಲಾಲ್ ಎಂಬ ಹೃದಯದ ಔಷಧದ ಅಳತೆಯಲ್ಲಿ ತೋರಿಸಿದರು. ಭಾರದ ಅವಳಿಯೇ ಜೊತೆಗಿದ್ದರೂ ಕೆಲವು ಪ್ಲಾಸ್ಮಾಗಳಲ್ಲಿ ಇಬ್ಬರ ನಷ್ಟ ಬೇರೆ ಬೇರೆ. ಮ್ಯಾಂಚೆಸ್ಟರಿನ ಓವನ್ ಮತ್ತು ಕೀವಿಲ್ 2012ರಲ್ಲಿ ಟೆಸ್ಟೋಸ್ಟೆರಾನಿಗೆ ಬೇರೆ ಬೇರೆ ಭಾರದ ಅವಳಿಗಳನ್ನು ಹಾಕಿ ಅಳೆದು, ಸ್ಟ್ಯಾಂಡರ್ಡ್ ಬದಲಾದರೆ ಉತ್ತರವೂ ಬದಲಾಗುತ್ತದೆ ಎಂದು ಬರೆದರು. ಅವಳಿಗಳ ಕತೆಯೇ ಹೀಗಾದರೆ ಬದಲಿಗಳ ಪಾಡು ಏನು?

ಒಂದೇ ಗಳಿಗೆ

ಬದಲಿ ಬೇಕಾಗುವ ಸಂದರ್ಭ ವಿರಳವಲ್ಲ. ಒಂದೇ ಓಟದಲ್ಲಿ ಹದಿನೈದು ಇಪ್ಪತ್ತು ಸ್ಟೀರಾಯ್ಡ್ ಅಳೆಯುವ ಪ್ಯಾನೆಲ್‌ಗಳು ಈಗ ಸಾಮಾನ್ಯ, ಪ್ರತಿಯೊಂದಕ್ಕೂ ಸ್ವಂತ ಅವಳಿ ಇಡಲು ಹೊರಟರೆ ಖರ್ಚು ಕೈ ಮೀರುತ್ತದೆ. ಕೆಲವಕ್ಕೆ ಅವಳಿ ಮಾರುಕಟ್ಟೆಗೇ ಬಂದಿರುವುದಿಲ್ಲ. ಬಂದಿದ್ದರೂ ಒಂದು ಮಿಲಿಲೀಟರಿನ ಆಂಪೂಲ್ ಹೊರದೇಶದಿಂದ ಹೊರಟು ಕಸ್ಟಮ್ಸ್ ದಾಟಿ ಬರುವಷ್ಟರಲ್ಲಿ ಕೈಯಲ್ಲಿದ್ದದ್ದು ಮುಗಿದಿರುತ್ತದೆ. ಆಗ ಇದ್ದುದರಲ್ಲೇ ಹೊಂದಿಸಬೇಕು: ಕಾರ್ಟಿಸಾಲಿನ ಅವಳಿಯನ್ನು ಕಾರ್ಟಿಸೋನಿಗೆ, ಟೆಸ್ಟೋಸ್ಟೆರಾನಿನ ಅವಳಿಯನ್ನು ಆಂಡ್ರೊಸ್ಟೀನ್‌ಡಯೋನಿಗೆ.

ಶಿರಾಡಿ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತರೆ ಒಂದೇ ಬಸ್ಸಿನಲ್ಲಿರುವ ಇಬ್ಬರಿಗೂ ಅಷ್ಟೇ ತಡ. ಒಬ್ಬ ಹಿಂದಿನ ಬಸ್ಸಿನಲ್ಲಿದ್ದರೆ ಅವನ ಗಡಿಯಾರ ನೋಡಿ ಇವನ ತಡ ಹೇಳಲಾಗದು. ಹಾರ್ಮೋನ್ ಮತ್ತು ಬದಲಿ ಕಾಲಮಿನಿಂದ ಒಂದೇ ಗಳಿಗೆಯಲ್ಲಿ ಬರಬೇಕೆನ್ನುವುದು ಇದಕ್ಕೆ.

ಲೆಕ್ಕ ಹಾಕಿ ನೋಡೋಣ. ಒಬ್ಬ ಮಹಿಳೆಯ ರಕ್ತದಲ್ಲಿ ನಿಜವಾಗಿ ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 40 ನ್ಯಾನೊಗ್ರಾಂ ಇದೆ ಎನ್ನಿ. ಅಡ್ಡಿಯೇನೂ ಇಲ್ಲದಿದ್ದರೆ ಅದಕ್ಕೆ 50,000 ಎಣಿಕೆ, ಬೆರೆಸಿದ ಸ್ಟ್ಯಾಂಡರ್ಡಿಗೆ 1,00,000. ಅನುಪಾತ 0.5, ಅಂದರೆ 40 ಎಂದು ಕ್ಯಾಲಿಬ್ರೇಶನ್ ಹೇಳುತ್ತದೆ. ಈಗ ಈಕೆಯ ರಕ್ತದಲ್ಲಿ ಆ ಗಳಿಗೆಗೆ ಏನೋ ಅಡ್ಡ ಬಂದು ಶೇ 40 ನಷ್ಟವಾಯಿತು. ಸ್ಟ್ಯಾಂಡರ್ಡ್ ಜೊತೆಗೇ ಬಂದಿದ್ದರೆ 30,000 ಮತ್ತು 60,000, ಅನುಪಾತ ಹಾಗೇ 0.5, ಉತ್ತರ 40. ಸ್ಟ್ಯಾಂಡರ್ಡ್ ಅರ್ಧ ನಿಮಿಷ ತಡವಾಗಿ, ಅಡ್ಡಿಯಿಲ್ಲದ ಜಾಗದಲ್ಲಿ ಬಂದಿದ್ದರೆ 30,000 ಮತ್ತು 1,00,000, ಉತ್ತರ 24. ಅಡ್ಡಿ ಸ್ಟ್ಯಾಂಡರ್ಡಿಗಷ್ಟೇ ತಾಗಿದ್ದರೆ 50,000 ಮತ್ತು 60,000, ಉತ್ತರ 67. ಅದೇ ಸಿರಿಂಜಿನ ರಕ್ತ, 24 ಅಥವಾ 67. ಹೆಂಗಸರಲ್ಲಿ ಟೆಸ್ಟೋಸ್ಟೆರಾನ್ ಏರಿಸಬಲ್ಲ ಪಿಸಿಓಎಸ್ ಇದೆಯೇ ಎಂದು ತಿಳಿಯಲು ಬಂದವರಿಗೆ ಈ ಎರಡು ಅಂಕಿಗಳ ಅರ್ಥ ಒಂದೇ ಅಲ್ಲ. ಇನ್ನೂ ಕೆಟ್ಟದ್ದೆಂದರೆ ಅದೇ ಮಹಿಳೆಯ ರಕ್ತವನ್ನು ಹತ್ತು ಸಲ ಅಳೆದರೂ ಹತ್ತು ಸಲವೂ 24 ಬರುತ್ತದೆ. ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿವೆ ಎಂದು ಎಲ್ಲರೂ ಸಮಾಧಾನಪಡುತ್ತಾರೆ.

ಅಡ್ಡಿ ಯಾವ ಗಳಿಗೆಯಲ್ಲಿದೆ ಎಂದು ಕಣ್ಣಾರೆ ನೋಡುವ ಒಂದು ಉಪಾಯ 1999ರಲ್ಲಿ ಬಾನ್‌ಫಿಗ್ಲಿಯೊ ಮತ್ತು ಸಂಗಡಿಗರ ಲೇಖನದಿಂದ ಬಳಕೆಗೆ ಬಂತು. ಕಾಲಮ್ ಮುಗಿಯುವ ಜಾಗದಲ್ಲಿ ಟಿ ಆಕಾರದ ಒಂದು ಜೋಡಣೆ. ಅದರ ಅಡ್ಡಕೊಳವೆಯಿಂದ ಸಿರಿಂಜ್ ಪಂಪು ಸ್ಟೀರಾಯ್ಡ್ ದ್ರಾವಣವನ್ನು ಒಂದೇ ಸಮನೆ ತಳ್ಳುತ್ತಿರುತ್ತದೆ, ಪರದೆಯ ಮೇಲೆ ಗೆರೆ ನೆಟ್ಟಗೆ ಹೋಗುತ್ತಿರುತ್ತದೆ. ಆಗ ಕಾಲಮಿನೊಳಗೆ ಆ ಸ್ಟೀರಾಯ್ಡ್ ಇಲ್ಲದ ಸೀರಮ್ಮಿನ ಸಾರವನ್ನು ಹಾಕಬೇಕು. ಮೊದಲ ನಿಮಿಷದಲ್ಲಿ ಲವಣಗಳು ಹೊರಬರುವಾಗ ಗೆರೆ ದಬಕ್ಕನೆ ಕೆಳಗೆ ಬೀಳುತ್ತದೆ, ಏರಿ ಸಮವಾಗುತ್ತದೆ, ಕೊನೆಯಲ್ಲಿ ಫಾಸ್ಫೋಲಿಪಿಡ್‌ಗಳು ಬರುವಾಗ ಮತ್ತೆ ಅಗಲವಾದ ಗುಂಡಿ. ಈ ಗೆರೆಯ ಮೇಲೆ ಹಾರ್ಮೋನ್ ಎಲ್ಲಿ, ಬದಲಿಗಳು ಎಲ್ಲಿ ಎಂದು ಗುರುತು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಗುಂಡಿಯ ಅಂಚಿನಲ್ಲಿ ಒಬ್ಬ, ದಿಬ್ಬದ ಮೇಲೆ ಒಬ್ಬ ಇದ್ದರೆ ರಚನೆ ಎಷ್ಟೇ ಹೋಲಲಿ, ಆ ಜೋಡಿಯನ್ನು ಕೈಬಿಡಬೇಕು. ಇಬ್ಬರೂ ಸಮನೆಲದಲ್ಲಿದ್ದರೆ ನಡುವೆ ಕೆಲವು ಸೆಕೆಂಡು ಅಂತರವಿದ್ದರೂ ನಡೆಯುತ್ತದೆ. ಇಷ್ಟು ಅಗ್ಗದ, ಒಂದು ಮಧ್ಯಾಹ್ನದಲ್ಲಿ ಮುಗಿಯುವ ಪರೀಕ್ಷೆಯನ್ನು ಬಿಟ್ಟು, ಅಣುಗಳ ಹೋಲಿಕೆಯ ಪಟ್ಟಿ ಹಿಡಿದು ಕೂರುವವರನ್ನು ಕಂಡರೆ ನನಗೆ ಸೋಜಿಗ.

ಒಂದು ಎಚ್ಚರಿಕೆ. ಇನ್ನೊಂದು ಲ್ಯಾಬಿನ ಪ್ರಬಂಧದಲ್ಲಿ ಹೊಂದಿಕೊಂಡ ಜೋಡಿ ನಿಮ್ಮಲ್ಲೂ ಹೊಂದುತ್ತದೆ ಎಂದೇನಿಲ್ಲ. ಅವರು ಮೆಥನಾಲ್ ಹರಿಸಿದ್ದರೆ, ನೀವು ಅಸಿಟೊನೈಟ್ರೈಲ್ ಹರಿಸುತ್ತಿದ್ದರೆ ಸ್ಟೀರಾಯ್ಡ್‌ಗಳು ಬರುವ ಸರದಿಯೇ ಬದಲಾಗಬಹುದು.

ಗಳಿಗೆ ಕೂಡಿಬಂದರೂ ಸ್ವಭಾವ ಕೂಡಿಬರಬೇಕು. ಟೆಸ್ಟೋಸ್ಟೆರಾನ್, ಪ್ರೊಜೆಸ್ಟೆರಾನ್, ಕಾರ್ಟಿಸಾಲ್‌ಗಳಲ್ಲಿ ಎ ಉಂಗುರದ ಕೀಟೋನ್ ಮತ್ತು ಅದರ ಪಕ್ಕದ ಜೋಡಿಬಂಧ ಪ್ರೋಟಾನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಡಿಎಚ್‌ಇಎ, ಪ್ರೆಗ್ನೆನೊಲೋನ್‌ಗಳಲ್ಲಿ ಆ ಏರ್ಪಾಡಿಲ್ಲ. ಅವು ಪ್ರೋಟಾನ್ ಹಿಡಿದ ಕೂಡಲೇ ನೀರಿನ ಅಣುವೊಂದನ್ನು ಉದುರಿಸಿಬಿಡುತ್ತವೆ, ಡಿಎಚ್‌ಇಎ 289ರ ಬದಲು 271ರಲ್ಲಿ ಕಾಣಿಸಿಕೊಳ್ಳುತ್ತದೆ. ಎಷ್ಟು ಉದುರುತ್ತದೆ ಎಂಬುದು ಬಿಸಿ, ವೋಲ್ಟೇಜುಗಳ ಮೇಲೆ ನಿಂತಿದೆ. ತೂಕ ಒಂದೇ ಎಂದು ಡಿಎಚ್‌ಇಎಗೆ ಟೆಸ್ಟೋಸ್ಟೆರಾನಿನ ಅವಳಿ ಹಾಕಿದರೆ ಯಂತ್ರ ಸ್ವಲ್ಪ ಕೊಳೆಯಾದ ದಿನ ಅಂಕಿ ಬೇರೆಯೇ ಆಗುತ್ತದೆ. ಎಸ್ಟ್ರಡಿಯಾಲ್ ಇನ್ನೂ ಬೇರೆ ಜಾತಿ. ಅದನ್ನು ಋಣ ಆವೇಶದಲ್ಲಿ ನೋಡಬೇಕು, ಇಲ್ಲವೇ ಅದರ ಫೀನಾಲ್ ಗುಂಪಿಗೆ ಡ್ಯಾನ್ಸೈಲ್ ಎಂಬ ಬಾಲ ಕಟ್ಟಿ ಎದ್ದು ಕಾಣುವಂತೆ ಮಾಡಬೇಕು. ಫೀನಾಲ್ ಇಲ್ಲದ ಬದಲಿಗೆ ಬಾಲ ಹತ್ತುವುದೇ ಇಲ್ಲ.

ಬೆರೆಸಿದ ಮೇಲೆ ಕಾಯುವುದನ್ನೂ ಹೇಳಬೇಕು. ರಕ್ತದ ಟೆಸ್ಟೋಸ್ಟೆರಾನಿನಲ್ಲಿ ಸುಮಾರು ಶೇ 2ರಷ್ಟೇ ಬಿಡಿಯಾಗಿರುತ್ತದೆ, ಉಳಿದದ್ದು ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತದೆ. ಪಿಪೆಟಿನಿಂದ ಹಾಕಿದ ಸ್ಟ್ಯಾಂಡರ್ಡ್ ಆ ಕ್ಷಣಕ್ಕೆ ಪೂರ್ತಿ ಬಿಡಿ. ಅದೂ ಪ್ರೋಟೀನಿಗೆ ಅಂಟಿ ಸಮಸ್ಥಿತಿಗೆ ಬರುವವರೆಗೆ ತಡೆಯದೆ ಈಥರ್ ಸುರಿದರೆ ಇಬ್ಬರ ದಾರಿ ಮೊದಲ ಹೆಜ್ಜೆಯಲ್ಲೇ ಬೇರೆಯಾಗುತ್ತದೆ. ಪ್ರೋಟೀನಿಗೆ ಬೇರೆ ಬಿಗಿಯಲ್ಲಿ ಅಂಟುವ ಬದಲಿಯಾದರೆ ಎಷ್ಟು ಕಾದರೂ ಸಮವಾಗದು.

ರಕ್ತದಲ್ಲಿ ಆಗಲೇ ಇರುವುದು

ಶುರುವಿನಲ್ಲಿ ಹೇಳಿದ ಡೆಕ್ಸಾಮೆಥಾಸೋನಿನ ಪೇಚು ನಮ್ಮ ದೇಶದಲ್ಲಿ ಆ ಒಂದು ಪರೀಕ್ಷೆಗೆ ಸೀಮಿತವಲ್ಲ. ಕಾರ್ಟಿಸಾಲ್ ಅಳೆಯಲು ಹಳಬರು ಮೆಚ್ಚಿದ್ದ ಇನ್ನೊಂದು ಬದಲಿ ಮೀಥೈಲ್‌ಪ್ರೆಡ್ನಿಸೊಲೋನ್. ಕೋವಿಡ್ ಎರಡನೇ ಅಲೆಯಲ್ಲಿ ಆಸ್ಪತ್ರೆಗಳು ಧಾರಾಳವಾಗಿ ಕೊಟ್ಟ ಎರಡು ಔಷಧಗಳು ಡೆಕ್ಸಾಮೆಥಾಸೋನ್ ಮತ್ತು ಮೀಥೈಲ್‌ಪ್ರೆಡ್ನಿಸೊಲೋನ್. ಇಂಥ ಔಷಧ ತೆಗೆದುಕೊಂಡವರಲ್ಲೇ ಅಡ್ರಿನಲ್ ಕೆಲಸ ಮಾಡುತ್ತಿದೆಯೇ ಎಂದು ಕಾರ್ಟಿಸಾಲ್ ನೋಡುವ ಸಂದರ್ಭ ಹೆಚ್ಚು. ಬೀಟಾಮೆಥಾಸೋನ್ ಡೆಕ್ಸಾಮೆಥಾಸೋನಿನದ್ದೇ ಸೂತ್ರ, 16ನೇ ಸ್ಥಾನದ ಮೀಥೈಲ್ ಮುಖ ತಿರುಗಿಸಿಕೊಂಡಿದೆ ಅಷ್ಟೆ. ತೂಕ ಒಂದೇ, ಚೂರುಗಳೂ ಒಂದೇ, ಕಾಲಮಿನಲ್ಲಿ ಬೇರೆ ಮಾಡುವುದೂ ಕಷ್ಟ. ಸ್ಟೀರಾಯ್ಡ್ ಮಾತ್ರೆ, ಮುಲಾಮುಗಳು ಚೀಟಿಯಿಲ್ಲದೆ ಕೈಗೆ ಸಿಗುವ ಊರುಗಳಲ್ಲಿ, ಗಂಟುನೋವಿಗೂ ಉಬ್ಬಸಕ್ಕೂ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಮತ್ತೆ ಮತ್ತೆ ವರದಿಯಾಗಿರುವಾಗ, ‘ಏನು ಔಷಧ ತಗೋತಿದ್ದೀರಮ್ಮ’ ಎಂಬ ಪ್ರಶ್ನೆಗೆ ‘ಏನೂ ಇಲ್ಲ’ ಎಂಬ ಉತ್ತರವನ್ನು ನಂಬಿ ಬದಲಿ ಆರಿಸುವಂತಿಲ್ಲ.

ಪ್ರೊಜೆಸ್ಟೆರಾನಿಗೆ ಬದಲಿ ಹುಡುಕುವವರಿಗೆ ಕಾಗದದ ಮೇಲೆ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅಸಿಟೇಟ್ ಚೆನ್ನಾಗಿ ಕಾಣುತ್ತದೆ. ಸರ್ಕಾರ 2017ರಿಂದ ‘ಅಂತರಾ’ ಹೆಸರಿನಲ್ಲಿ ಮೂರು ತಿಂಗಳಿಗೊಮ್ಮೆ ಕೊಡುತ್ತಿರುವ ಗರ್ಭನಿರೋಧಕ ಚುಚ್ಚುಮದ್ದು ಅದೇ. ಲೆವೊನಾರ್ಜೆಸ್ಟ್ರೆಲ್ ತುರ್ತು ಗರ್ಭನಿರೋಧಕ ಮಾತ್ರೆಯಲ್ಲಿದೆ. ಪ್ರೆಡ್ನಿಸೊಲೋನ್ ಕಾರ್ಟಿಸಾಲಿಗಿಂತ ಎರಡೇ ಘಟಕ ಹಗುರ. ಅದನ್ನು ಬದಲಿಯಾಗಿ ಸುರಿದರೆ, ಕಾಲಮ್ ಎರಡನ್ನೂ ಪೂರ್ತಿ ಬೇರೆ ಮಾಡದಿದ್ದಲ್ಲಿ, ಪ್ರಕೃತಿಸಹಜವಾಗಿ ಎರಡು ಘಟಕ ಭಾರವಾದ ಅದರ ಅಣುಗಳು ಕಾರ್ಟಿಸಾಲಿನ ಲೆಕ್ಕಕ್ಕೇ ಸೇರುತ್ತವೆ. ಔಷಧವಾಗಿ ಮಾರಾಟವಾಗುವ ಯಾವ ಸ್ಟೀರಾಯ್ಡನ್ನೂ ಮನುಷ್ಯರ ರಕ್ತಕ್ಕೆ ಬದಲಿಯಾಗಿ ಬಳಸಬಾರದು ಎಂದು ಒಂದು ಗೆರೆ ಎಳೆದುಬಿಡುವುದು ಒಳ್ಳೆಯದು. ಇನ್ನೊಂದು ಸ್ಟೀರಾಯ್ಡಿನ ಡ್ಯುಟೀರಿಯಂ ಅಥವಾ ಕಾರ್ಬನ್-13 ರೂಪ ಯಾವ ಅಂಗಡಿಯ ಮಾತ್ರೆಯಲ್ಲೂ ಇರುವುದಿಲ್ಲ. ಬದಲಿ ಬೇಕಾದರೆ ಆ ಗುಂಪಿನಿಂದಲೇ ಆರಿಸಬೇಕು.

ನವಜಾತ ಶಿಶುಗಳ ವಿಷಯದಲ್ಲಿ ಈ ಆಯ್ಕೆ ಇನ್ನೂ ಇಕ್ಕಟ್ಟಿನದು. ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂಬ ಹುಟ್ಟುಕಾಯಿಲೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ತಪಾಸಿಸಿದ ಅಧ್ಯಯನದಲ್ಲಿ, 5,762ಕ್ಕೆ ಒಂದು ಮಗುವಿನಲ್ಲಿ ಕಂಡಿತ್ತು. ಇದಕ್ಕೆ ಮೊದಲು ನೋಡುವುದು 17-ಹೈಡ್ರಾಕ್ಸಿಪ್ರೊಜೆಸ್ಟೆರಾನ್. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಇಮ್ಯುನೊಅಸ್ಸೇ ಸುಳ್ಳೇ ಹೆಚ್ಚು ತೋರಿಸುವುದರಿಂದ ಎರಡನೇ ಸುತ್ತಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಬರುತ್ತದೆ, ಜೊತೆಗೆ 21-ಡಿಆಕ್ಸಿಕಾರ್ಟಿಸಾಲನ್ನೂ ನೋಡುತ್ತಾರೆ. ಇದರ ತೂಕ 346. ಕಾರ್ಟಿಕೊಸ್ಟೆರಾನ್ 346, 11-ಡಿಆಕ್ಸಿಕಾರ್ಟಿಸಾಲ್ ಕೂಡ 346. ಮೂರೂ ಕಾಲಮಿನಲ್ಲಿ ಹತ್ತಿರ ಹತ್ತಿರ. 21-ಡಿಆಕ್ಸಿಕಾರ್ಟಿಸಾಲಿಗೆ ಸ್ವಂತ ಅವಳಿ ಇಲ್ಲದ ಲ್ಯಾಬಿಗೆ ಉಳಿದಿಬ್ಬರ ಅವಳಿಗಳೇ ಸಹಜವಾದ ಬದಲಿ. ಹತ್ತಿರ ಇರುವುದು ಇಲ್ಲಿ ಅನುಕೂಲವೇ. ಆದರೆ ಸಾದಾ ರೂಪಗಳು ಒಂದರೊಳಗೊಂದು ಬೆರೆತುಹೋಗುವಷ್ಟು ಹತ್ತಿರವಾದರೆ ಸ್ಟ್ಯಾಂಡರ್ಡ್ ಎಷ್ಟೇ ಒಳ್ಳೆಯದಿದ್ದರೂ ಏನೂ ಮಾಡಲಾರದು. ಬೆರೆತದ್ದನ್ನು ಬಿಡಿಸುವುದು ಕಾಲಮಿನ ಕೆಲಸ.

ಬದಲಿ ಒಪ್ಪಿಗೆಯಾಗಬೇಕಾದರೆ ಕನಿಷ್ಠ ಆರು ಬೇರೆ ಬೇರೆ ಜನರ ಸೀರಮ್ಮಿನಲ್ಲಿ ಅನುಪಾತ ಅಲುಗಾಡದೆ ನಿಲ್ಲುತ್ತದೆಯೇ ಎಂದು ನೋಡುವುದು ರೂಢಿ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ 2011ರ ಮಾರ್ಗಸೂಚಿ ಏರುಪೇರು ಶೇ 15 ಮೀರಬಾರದು ಎಂದಿತ್ತು. ಅದು ಔಷಧಗಳಿಗೆ ಬರೆದದ್ದು. ಹಾರ್ಮೋನಿನಲ್ಲಿ ಹೊಸ ತೊಡಕು ಏನೆಂದರೆ ಹಾರ್ಮೋನೇ ಇಲ್ಲದ ಮನುಷ್ಯರ ಸೀರಮ್ ಸಿಗುವುದಿಲ್ಲ. ಇದ್ದಿಲಿನಿಂದ ಸೋಸಿ ಹಾರ್ಮೋನ್ ತೆಗೆದ ಸೀರಮ್ಮಿನಲ್ಲಿ ಗೊತ್ತಿರುವಷ್ಟು ಹಾರ್ಮೋನ್ ಬೆರೆಸಿ ಕ್ಯಾಲಿಬ್ರೇಟರ್ ಮಾಡಿಕೊಳ್ಳುತ್ತಾರೆ, ಆದರೆ ಇದ್ದಿಲು ಹಾರ್ಮೋನಿನ ಜೊತೆ ಇನ್ನೂ ಏನೇನನ್ನೋ ಎಳೆದುಕೊಂಡಿರುತ್ತದೆ. ಸ್ವಂತ ಅವಳಿ ಇದ್ದರೆ ಆ ವ್ಯತ್ಯಾಸವನ್ನು ಅನುಪಾತ ನುಂಗಿಕೊಳ್ಳುತ್ತದೆ. ಬದಲಿ ಇದ್ದಲ್ಲಿ ಆ ವ್ಯತ್ಯಾಸ ನೇರವಾಗಿ ವರದಿಗೆ ಬಂದು ಕೂರುತ್ತದೆ. ಆರು ಸೀರಮ್ಮುಗಳಲ್ಲಿ ಒಂದು ರಕ್ತಕಣ ಒಡೆದದ್ದು, ಒಂದು ಊಟವಾದ ಮೇಲೆ ತೆಗೆದ ಹಾಲಿನಂಥದ್ದು ಇರಲಿ ಎನ್ನುವವರ ಪಕ್ಷ ನನ್ನದು. ಚೊಕ್ಕ ಸೀರಮ್ಮಿನಲ್ಲಿ ಎಲ್ಲ ಬದಲಿಗಳೂ ಪಾಸಾಗುತ್ತವೆ.

ಬದಲಿಯನ್ನು ಬಿಟ್ಟು ಅವಳಿಗೆ ಮರಳುವ ದಿನವೂ ಬರುತ್ತದೆ. ಪಿಸಿಓಎಸ್ ಚರ್ಚೆಯಲ್ಲಿ ಈಚೆಗೆ ಹೆಚ್ಚು ಕೇಳಿಬರುತ್ತಿರುವ 11-ಕೀಟೊಟೆಸ್ಟೋಸ್ಟೆರಾನನ್ನು ಹಲವು ಲ್ಯಾಬ್‌ಗಳು ಮೊದಮೊದಲು ಬೇರೆ ಆಂಡ್ರೊಜನ್‌ಗಳ ಅವಳಿ ಹಾಕಿಯೇ ಅಳೆದವು. ಅದರ ಸ್ವಂತ ಅವಳಿ ಕ್ಯಾಟಲಾಗಿಗೆ ಬಂದ ಮೇಲೆ ಬದಲಾಯಿಸಿದರು. ಆಗ ಹಳೆಯ ಮತ್ತು ಹೊಸ ಸ್ಟ್ಯಾಂಡರ್ಡ್ ಎರಡನ್ನೂ ಹಾಕಿ ಕನಿಷ್ಠ 40 ರೋಗಿಗಳ ಸ್ಯಾಂಪಲ್ ಅಳೆದು ಪಕ್ಕಪಕ್ಕ ಇಟ್ಟು ನೋಡಬೇಕು, ಕಡಿಮೆಯಿಂದ ಹೆಚ್ಚಿನವರೆಗೆ ಎಲ್ಲ ಮಟ್ಟದವೂ ಅದರಲ್ಲಿರಬೇಕು. ಹೊಸ ಆಂಪೂಲನ್ನು ಒಂಟಿಯಾಗಿಯೂ ಯಂತ್ರಕ್ಕೆ ಹಾಕಿ, ಅದರಲ್ಲಿ ಸಾದಾ ಹಾರ್ಮೋನ್ ಎಷ್ಟು ಕಲಬೆರಕೆಯಾಗಿದೆ ನೋಡಬೇಕು. ಟೆಸ್ಟೋಸ್ಟೆರಾನಿನ ಉದಾಹರಣೆಯಲ್ಲಿ ಸೀರಮ್ಮಿನ ಮಿಲಿಲೀಟರಿಗೆ 10 ನ್ಯಾನೊಗ್ರಾಂ ಅವಳಿ ಬೆರೆಸುತ್ತಿದ್ದು, ಅದರಲ್ಲಿ ಶೇ 0.5 ಸಾದಾ ರೂಪವಿದ್ದರೆ, ಡೆಸಿಲೀಟರಿಗೆ 5 ನ್ಯಾನೊಗ್ರಾಂ ಲ್ಯಾಬಿನವರೇ ಸೇರಿಸಿದಂತಾಯಿತು. ಕ್ಯಾಲಿಬ್ರೇಟರ್‌ಗಳಲ್ಲೂ ಅದೇ ಇರುವುದರಿಂದ ಒಂದು ಮಟ್ಟಿಗೆ ವಜಾ ಆಗುತ್ತದೆ. 500 ಇರುವ ಗಂಡಸಿನಲ್ಲಿ ಗೊತ್ತೂ ಆಗದು, 15 ಇರುವ ಹೆಂಗಸಿನಲ್ಲಿ ಅದು ಮೂರನೇ ಒಂದು ಪಾಲು.

ಆ 40 ಸ್ಯಾಂಪಲ್‌ಗಳ ನಕ್ಷೆಯಲ್ಲಿ ಹೊಸ ಅಂಕಿ ಹಳೆಯದರ ಶೇ 88ರಷ್ಟೇ ಬರುತ್ತಿದೆ ಎನ್ನಿ. ಆಗ ಹಳೆಯ ಸಾಮಾನ್ಯ ಮಿತಿಯನ್ನು ವರದಿಯಲ್ಲಿ ಹಾಗೇ ಬಿಡುವಂತಿಲ್ಲ. ಮಿತಿಯನ್ನು ಹೊಸದಾಗಿ ಕಟ್ಟಬೇಕು, ಬದಲಾದ ತಾರೀಖನ್ನು ವರದಿಯ ಅಡಿಯಲ್ಲಿ ಅಚ್ಚು ಹಾಕಬೇಕು, ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾರ್ಚಿನ ವರದಿಯನ್ನು ಜೂನಿನ ವರದಿಯ ಪಕ್ಕದಲ್ಲಿಟ್ಟು, ಔಷಧದ ಡೋಸ್ ಏರಿಸಬೇಕೋ ಇಳಿಸಬೇಕೋ ಎಂದು ತೀರ್ಮಾನಿಸುವವರು ಅವರು.